ಮಾಲಿನ ಬಣ್ಣ ಹೋಗಿರಲಿಲ್ಲ

ಬ್ಯಾಡಗಿ ಮಾರುಕಟ್ಟೆಯಲ್ಲಿ 22 ವರ್ಷದಿಂದ ಮೆಣಸಿನಕಾಯಿ ನೋಡುತ್ತಿದ್ದೇನೆ. ನಾನು ದಲಾಲಿಯೂ ಅಲ್ಲ, ಹಮಾಲಿಯೂ ಅಲ್ಲ, ಖರೀದಿದಾರರ ಕಡೆಯ ಮನುಷ್ಯ. ನೋಡುವುದೇ ನನ್ನ ಪಗಾರದ ಕೆಲಸ. ಚೀಲ ಬಿಚ್ಚಿದ ರಾಶಿಯ ತಳಕ್ಕೆ ಕೈ ಹಾಕಿ ಒಂದು ಹಿಡಿ ಎತ್ತಬೇಕು, ಕಿವಿಯ ಹತ್ತಿರ ಅಲುಗಿಸಿ ಬೀಜದ ಸಪ್ಪಳ ಕೇಳಬೇಕು, ಒಂದನ್ನು ಮುರಿದು ಮೂಸಬೇಕು. ಕೊನೆಗೆ ಬೆಳಕಿಗೆ ಹಿಡಿದು ಬಣ್ಣ ನೋಡಿ ದರ ಹಾಕಬೇಕು. ಖಾರ ಬೇಕಾದವರು ಬೇರೆ ಊರಿಗೆ ಹೋಗುತ್ತಾರೆ. ನಮ್ಮಲ್ಲಿಗೆ ಬರುವವರು ಬಣ್ಣಕ್ಕೆ ಬರುತ್ತಾರೆ. ಡಬ್ಬಿ ಜಾತಿಯ ಕಾಯಿಯ ಕೆಂಪು ಬೇರೆ, ಕಡ್ಡಿ ಜಾತಿಯದರ ಕೆಂಪು ಬೇರೆ, ಮಳೆ ತಾಕಿದ್ದು ಬೇರೆ, ಕೋಲ್ಡ್ ಸ್ಟೋರೇಜಿನಿಂದ ತೆಗೆದದ್ದು ಬೇರೆ. ಈ ಕೆಂಪುಗಳಿಗೆಲ್ಲ ಹೆಸರಿಲ್ಲ, ದರ ಮಾತ್ರ ಇದೆ.

ದಸರೆಯ ಹಿಂದಿನ ಗುರುವಾರ. ಹೊಸ ಮಾಲು ಇನ್ನೂ ಬಂದಿರಲಿಲ್ಲ, ಕೋಲ್ಡ್ ಸ್ಟೋರೇಜಿನ ಮಾಲೇ ಓಡುತ್ತಿತ್ತು. ಕುಂದಗೋಳದ ಕಡೆಯ ಒಬ್ಬ ಹಿರಿಯರ ಲಾಟ್ ಮುಂದೆ ಕೂತು ಹಿಡಿ ಎತ್ತಿದೆ. ಸಪ್ಪಳ ಚೆನ್ನಾಗಿತ್ತು, ವಾಸನೆ ಚೆನ್ನಾಗಿತ್ತು. ಬಣ್ಣ ಮಾತ್ರ ಹಳೇ ಹಂಚಿನ ಹಾಗೆ ಕಂಡಿತು.

"ಬಣ್ಣ ಬಿಟ್ಟೈತ್ರಿ ಯಜಮಾನ್ರ. ಭಾಳ ದಿನ ಇಟ್ಟೀರಿ," ಅಂದೆ.

ಅವರು ಎಲೆಅಡಿಕೆ ಉಗುಳಿ ಬಂದು ನನ್ನ ಕೈಯೊಳಗಿನ ಕಾಯಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಮಾಲಿನ ಬಣ್ಣ ಹೋಗಿಲ್ರಿ ಸಾವ್ಕಾರ. ನಿಮ್ಮ ಕಣ್ಣಿಂದು ಹೋಗೈತಿ."

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕು, ನನಗೆ ಕಂಡ ದರವನ್ನೇ ಹಾಕಿ ಮುಂದಿನ ಲಾಟಿಗೆ ಹೋದೆ. ಸ್ವಲ್ಪ ಹೊತ್ತಿಗೆ ಬಲಗಣ್ಣಿಗೆ ಘಾಟು ಹೊಡೆಯಿತು. ಈ ಮಾರುಕಟ್ಟೆಯಲ್ಲಿ ಅದು ದಿನಕ್ಕೆ ಹತ್ತು ಸಲ ಆಗುವಂಥದ್ದು. ಬಲಗಣ್ಣು ಒತ್ತಿ ಹಿಡಿದು ಎಡಗಣ್ಣಿನಲ್ಲೇ ರಾಶಿ ನೋಡಿದರೆ, ಹಂಚಿನ ಬಣ್ಣ. ಕಣ್ಣು ಬದಲಿಸಿದೆ. ಕೆಂಡ. ಮತ್ತೆ ಬದಲಿಸಿದೆ. ಹಂಚು. ಎಡಗಣ್ಣಿನ ನಡುಮಧ್ಯದಲ್ಲಿ, ಚಷ್ಮಾದ ಗಾಜಿಗೆ ಯಾರೋ ಉಸಿರು ಬಿಟ್ಟಂತೆ ಒಂದು ಮಸುಕು. ನೋಟ ಹೊರಳಿಸಿದರೆ ಅದೂ ಹೊರಳುತ್ತಿತ್ತು.

ಆಗಲೇ ದವಾಖಾನೆಗೆ ಓಡಬೇಕಿತ್ತು. ಓಡಲಿಲ್ಲ. ಕಾರಣ ಹೇಳಿದರೆ ನಿಮಗೆ ನಗು ಬರಬಹುದು: ಉರಿ ಇರಲಿಲ್ಲ. ನಮ್ಮ ಉದ್ಯೋಗದಲ್ಲಿ ಕಣ್ಣಿನ ತ್ರಾಸು ಅಂದರೆ ಉರಿ. ಉರಿಯುತ್ತದೆ, ನೀರು ಬರುತ್ತದೆ, ಕೆಂಪಾಗುತ್ತದೆ, ತಣ್ಣೀರು ಹೊಡೆದರೆ ಹೋಗುತ್ತದೆ. ಉರಿಯದ ಕಣ್ಣಿಗೆ ಏನಾಗಿರಲು ಸಾಧ್ಯ? ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಔಷಧಿ ಅಂಗಡಿಯವರು ಕೊಟ್ಟ ಹನಿ ಬಿಟ್ಟುಕೊಂಡು ಹತ್ತು ದಿನ ಕಳೆದೆ. ಕನ್ನಡಿಯಲ್ಲಿ ನೋಡಿದರೆ ಎಡಗಣ್ಣು ಬಲಗಣ್ಣಿಗಿಂತ ಬೆಳ್ಳಗೆ, ಸ್ವಚ್ಛವಾಗಿ ಕಾಣುತ್ತಿತ್ತು.

ನಮ್ಮ ಭಾಷೆಯ ಪದವೂ ನನ್ನನ್ನು ದಾರಿ ತಪ್ಪಿಸಿತು ಅಂತ ಆಮೇಲೆ ಅನ್ನಿಸಿದೆ. ಉರಿ ಮತ್ತು ಊತ ಕೂಡಿ ಉರಿಯೂತ. ಚೆಂದದ ಪದ, ಮೈಮೇಲಿನ ಗಾಯಕ್ಕೆ ಸರಿಯಾಗಿ ಹೊಂದುತ್ತದೆ. ರೋಮ್‌ನ ಸೆಲ್ಸಸ್ 1ನೇ ಶತಮಾನದಲ್ಲೇ ಉರಿಯೂತದ ನಾಲ್ಕು ಲಕ್ಷಣ ಬರೆದಿಟ್ಟ: ಕೆಂಪು, ಬಿಸಿ, ಊತ, ನೋವು. ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟಲಕ್ಕೆ ಮಾತ್ರ ನೋವು ಹೇಳುವ ನರಗಳೇ ಇಲ್ಲ. ಅಲ್ಲಿ ಬೆಂಕಿ ಬಿದ್ದರೂ ಮನೆಯವರಿಗೆ ಹೊಗೆಯ ವಾಸನೆ ಬರುವುದಿಲ್ಲ. ದೀಪ ಮಂದವಾದಾಗಷ್ಟೇ ಗೊತ್ತಾಗುತ್ತದೆ.

ನನಗೆ ಗೊತ್ತು ಮಾಡಿಸಿದ್ದು ಕಿರ್ದಿ. ಒಂದು ರಾತ್ರಿ ಲೆಕ್ಕ ಬರೆಯುವಾಗ ಕಿರ್ದಿಯ ಅಡ್ಡಗೆರೆಗಳು ನಡುವೆ ಒಂದು ಕಡೆ ತಗ್ಗಿಗೆ ಬಿದ್ದಂತೆ ಬಾಗಿದವು. ಪುಟ ತಿರುವಿದರೂ ತಗ್ಗು ಅಲ್ಲೇ. ಬಲಗಣ್ಣಿನಲ್ಲಿ ನೋಡಿದರೆ ನೆಟ್ಟಗಿದ್ದವು. ಪಕ್ಕದಲ್ಲಿ ಓದುತ್ತ ಕೂತಿದ್ದ ಹಿರಿಮಗಳು, "ಅಪ್ಪಾ, ಒಂದ ಕಣ್ಣ ಮುಚ್ಚಿ ಏನ್ ಮಾಡಾಕತ್ತಿ?" ಅಂದಳು. ಹೇಳಿದೆ. ಮರುದಿನ ಮುಂಜಾನೆ ಮೋಟೆಬೆನ್ನೂರಿಗೆ ಬಂದು ಹೈವೇ ಬಸ್ ಹಿಡಿದು ಹುಬ್ಬಳ್ಳಿಗೆ ಹೊರಟೆವು.

ಕಣ್ಣಿನ ದವಾಖಾನೆಯಲ್ಲಿ ಹನಿ ಬಿಟ್ಟು, ಪಾಪೆ ಅಗಲವಾಗುವ ತನಕ ಕೂಡಿಸಿದರು. ಆಮೇಲೆ ಡಾಕ್ಟರ್ ಮೇಡಂ ದೀಪ ಹಿಡಿದು ಬಹಳ ಹೊತ್ತು ಒಳಗೆ ನೋಡಿದರು. ಈ ಒಳಗೆ ನೋಡುವ ಸಾಧನವನ್ನು ಮೊದಲು ಮಾಡಿದ್ದು ಹರ್ಮನ್ ಹೆಲ್ಮ್‌ಹೋಲ್ಟ್ಜ್, 1851ರ ಸುಮಾರಿಗೆ. ಅದಕ್ಕೂ ಹಿಂದೆ, ಜೀವಂತ ಮನುಷ್ಯನ ಕಣ್ಣಿನ ಹಿಂಗೋಡೆಯನ್ನು ಸರಿಯಾಗಿ ಕಂಡವರೇ ಇರಲಿಲ್ಲ. ಮೇಡಂ ಕೇಳಿದ ಮೊದಲ ಪ್ರಶ್ನೆಗೂ ಕಣ್ಣಿಗೂ ಸಂಬಂಧವೇ ಇಲ್ಲ ಅನ್ನಿಸಿತು.

"ಈಗಿತ್ಲಾಗ ಜ್ವರ ಬಂದಿದ್ವೇನ್ರಿ?"

ಬಂದಿತ್ತು. ಗಣಪತಿ ಹಬ್ಬದ ಹೊತ್ತಿಗೆ ಐದಾರು ದಿನ ಕೆಂಡದಂಥ ಜ್ವರ, ಕೀಲು ನೋವು. ಬಿಟ್ಟುಹೋಗಿ ಮೂರು ವಾರವಾದ ಮೇಲೆ ಮೆಣಸಿನಕಾಯಿ ಬಣ್ಣ ಬಿಟ್ಟಿತ್ತು. ಲೆಕ್ಕ ಸರಿಹೋಯಿತು ಎಂಬಂತೆ ಅವರು ತಲೆ ಆಡಿಸಿದರು. ಜ್ವರ ಹೋದ ಎರಡರಿಂದ ನಾಲ್ಕು ವಾರಕ್ಕೆ ಕಣ್ಣಿನೊಳಗೆ ಹೀಗೆ ಉರಿಯೂತ ಏಳುವುದುಂಟು. ಡೆಂಗ್ಯೂ, ಚಿಕೂನ್‌ಗುನ್ಯಾ, ಉಣ್ಣಿ-ನುಸಿಗಳಿಂದ ಬರುವ ರಿಕೆಟ್ಸಿಯಾ ಜ್ವರ, ಯಾವುದರ ಹಿಂದೆಯೂ ಬರಬಹುದು. 2006ರ ಚಿಕೂನ್‌ಗುನ್ಯಾ ಹಾವಳಿ ನಮ್ಮ ಕಡೆ ಯಾರೂ ಮರೆತಿಲ್ಲ. ಓಣಿಗೆ ಓಣಿಯೇ ಕುಂಟುತ್ತಿತ್ತು. ಕೀಲು ಹಿಡಿದವರ ಕಥೆ ಎಲ್ಲರಿಗೂ ಗೊತ್ತು. ಅದರ ಹಿಂದೆಯೇ ಕಣ್ಣು ಮಸುಕಾದವರೂ ಇದ್ದರು ಅನ್ನುವುದು ನನಗೆ ತಿಳಿದದ್ದು ಮಾತ್ರ ಆ ಕುರ್ಚಿಯ ಮೇಲೆ. ಕ್ರಿಮಿ ಹೋದರೂ ಅದನ್ನು ಹೊಡೆಯಲು ಎದ್ದ ದೇಹದ ಕಾವಲು ಕೋಶಗಳ ದಂಡು ಕೂಡಲೇ ಮನೆಗೆ ಹೋಗುವುದಿಲ್ಲ. ಈ ಕಾಯಿಲೆಯಲ್ಲಿ ಕಣ್ಣು ಕೆಡಿಸುವುದು ಬಹುಪಾಲು ಆ ದಂಡೇ ಎಂದು ವೈದ್ಯರು ಎಣಿಸುತ್ತಾರೆ.

ಆಮೇಲೆ ಓಸಿಟಿ. ಗಲ್ಲ ಊರಿ ಕೂತು ಒಂದು ಚುಕ್ಕಿ ನೋಡುತ್ತಿದ್ದರೆ ಮುಗಿಯಿತು, ಏನೂ ತಾಕುವುದಿಲ್ಲ. ಬೆಳಕನ್ನು ಒಳಗೆ ಕಳಿಸಿ, ಪ್ರತಿ ಪದರಿಂದ ಅದು ಮರಳುವ ರೀತಿಯನ್ನು ಅಳೆದು, ಅಕ್ಷಿಪಟಲವನ್ನು ಚಾಕುವಿಲ್ಲದೆ ಸೀಳಿ ತೋರಿಸುವ ಯಂತ್ರ ಅದು. 1991ರಲ್ಲಿ ಮೊದಲ ಸಲ ಲೋಕಕ್ಕೆ ಗೊತ್ತಾದದ್ದು. ಮೇಡಂ ಎರಡೂ ಕಣ್ಣಿನ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು.

"ಇಲ್ನೋಡ್ರಿ, ಈ ಬಿಳಿ ಗೆರಿ. ಬಲಗಣ್ಣಿನ್ಯಾಗ ಪಟ್ಟಿ ಹಿಡದು ಹೊಡದಂಗ ಐತಿ. ಎಡಗಣ್ಣಿಂದು ನೋಡ್ರಿ."

ಎಡಗಣ್ಣಿನಲ್ಲಿ ಆ ಗೆರೆ ಎರಡೂ ಕಡೆಯಿಂದ ಚೆನ್ನಾಗಿಯೇ ಬಂದು, ನಡುವೆ ಪಾಟಿಯ ಮೇಲೆ ಒದ್ದೆ ಬೆರಳು ಆಡಿಸಿದಂತೆ ಅಳಿಸಿತ್ತು. ಅದರ ಕೆಳಗೆ ಒಂದು ಕಪ್ಪು ಗುಡ್ಡ. "ಅದು ನೀರು," ಅಂದರು. ನನ್ನ ಕಿರ್ದಿಯ ಗೆರೆ ಬಗ್ಗಿದ್ದು ಅಲ್ಲೇ.

ಆ ಬಿಳಿ ಗೆರೆ ಏನು ಅಂತ ಆಮೇಲೆ ಮಗಳೂ ನಾನೂ ಕೂತು ಓದಿ ತಿಳಿದುಕೊಂಡೆವು. ಬೆಳಕು ಹಿಡಿಯುವ ಕೋಶಗಳು ಒಂದು ಕಣ್ಣಿನಲ್ಲಿ ಎರಡು ಜಾತಿ. ಸುಮಾರು 12 ಕೋಟಿ ರಾಡ್‌ಗಳು ಮಬ್ಬುಗತ್ತಲಿಗೆ, ಸುಮಾರು 60 ಲಕ್ಷ ಕೋನ್‌ಗಳು ಬಣ್ಣಕ್ಕೆ ಮತ್ತು ಸೂಕ್ಷ್ಮಕ್ಕೆ. ಕೋನ್‌ಗಳು ಒತ್ತೊತ್ತಾಗಿ ಕಿಕ್ಕಿರಿದಿರುವುದು ಅಕ್ಷಿಪಟಲದ ನಟ್ಟನಡುವೆ. ಅಂದರೆ ನನ್ನ 22 ವರ್ಷದ ಉದ್ಯೋಗ ಒಂದು ಸಾಸಿವೆ ಕಾಳಿನಷ್ಟು ಜಾಗದಲ್ಲಿ ನಡೆದಿತ್ತು. ಗುಡ್ಡ ಎದ್ದದ್ದೂ ಅಲ್ಲೇ. ಪ್ರತಿ ಕೋಶದಲ್ಲೂ ಶಕ್ತಿ ಮಾಡುವ ಮೈಟೊಕಾಂಡ್ರಿಯಾಗಳು ಒಂದು ಕಡೆ ಗುಂಪಾಗಿ ಕೂತಿರುತ್ತವೆ. ಕೋಟಿಗಟ್ಟಲೆ ಕೋಶ ಸಾಲಾಗಿ ನಿಂತಾಗ ಆ ಗುಂಪುಗಳು ಸೇರಿ ಗೆರೆಯಾಗಿ ಕಾಣುತ್ತವೆ. ಗೆರೆ ಅಳಿಸಿದೆ ಅಂದರೆ ಅಲ್ಲಿಯ ಒಲೆಗಳು ಆರಿವೆ, ಇಲ್ಲವೆ ಸಾಲು ಕೆಟ್ಟಿದೆ.

ಇಲ್ಲಿ ನನಗೆ ನಮ್ಮ ಮೆಣಸಿನಕಾಯಿಯೇ ಉಪಕಾರಕ್ಕೆ ಬಂತು. ಬ್ಯಾಡಗಿಯ ಸುತ್ತ ಇಷ್ಟೊಂದು ಕೋಲ್ಡ್ ಸ್ಟೋರೇಜ್ ಯಾಕಿವೆ ಅಂತ ಹೊರಗಿನವರು ಕೇಳುತ್ತಾರೆ. ಕಾಯಿ ಕೊಳೆಯಬಾರದು ಅಂತಷ್ಟೇ ಅಲ್ಲ, ಬಣ್ಣಕ್ಕಾಗಿ. ಕೆಂಪು ಬಣ್ಣ ಕ್ಯಾರೊಟಿನಾಯ್ಡ್ ಜಾತಿಯದು. ಬೆಳಕು ಮತ್ತು ಗಾಳಿಯೊಳಗಿನ ಆಮ್ಲಜನಕ, ಈ ಎರಡೂ ಕೂಡಿದರೆ ಅದು ಮಂಕಾಗುತ್ತದೆ. ಅದಕ್ಕೇ ಕತ್ತಲು, ತಂಪು, ಬಿಗಿದ ಚೀಲ. ಈಗ ಅಕ್ಷಿಪಟಲ ನೋಡಿ. ಎಚ್ಚರವಿರುವಷ್ಟು ಹೊತ್ತೂ ಅದರ ಮೇಲೆ ಬೆಳಕು ಸುರಿಯುತ್ತದೆ, ತೂಕಕ್ಕೆ ತೂಕ ಇಟ್ಟು ನೋಡಿದರೆ ದೇಹದಲ್ಲಿ ಅತಿ ಹೆಚ್ಚು ಆಮ್ಲಜನಕ ತಿನ್ನುವ ಜಾಗಗಳಲ್ಲಿ ಅದೊಂದು. ಸಾಲದ್ದಕ್ಕೆ ಬೆಳಕು ಹಿಡಿಯುವ ತುದಿಯ ಪೊರೆಗಳಲ್ಲಿ ತುಂಬಿರುವುದು ಮೀನೆಣ್ಣೆಯಲ್ಲಿರುವ ಡಿಎಚ್‌ಎಯಂಥ ಬೇಗ ಕೆಡುವ ಕೊಬ್ಬು. ಮೆಣಸಿನಕಾಯಿಯನ್ನು ಜೂನ್ ತನಕ ಬಯಲಲ್ಲಿ ಹರವಿ ಬಣ್ಣ ಉಳಿಯಲಿ ಅಂದಂತೆ! ಹಾಗಿದ್ದೂ ಎಪ್ಪತ್ತು ಎಂಬತ್ತು ವರ್ಷ ಕಣ್ಣು ನಡೆಯುತ್ತದಲ್ಲ, ಅದು ಹೇಗೆ?

ಹಳೆಯದನ್ನು ದಿನಾ ಬಿಸಾಕುತ್ತದೆ, ಹೀಗೆ. ರಾಡ್ ಕೋಶದ ತುದಿಯಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್ ಎಂಬ ಬಣ್ಣ ತುಂಬಿದ ತೆಳು ಬಿಲ್ಲೆಗಳು ದೋಸೆ ಪೇರಿಸಿದಂತೆ ಇರುತ್ತವೆ. ಬುಡದಲ್ಲಿ ಹೊಸ ಬಿಲ್ಲೆ ಹುಟ್ಟಿದಂತೆ ತುದಿಯ ಹಳೆಯವು ಕಳಚುತ್ತವೆ. 1967ರಲ್ಲಿ ರಿಚರ್ಡ್ ಯಂಗ್ ಇದನ್ನು ತೋರಿಸಿಕೊಟ್ಟರು. ದಿನಕ್ಕೆ ಹತ್ತರಲ್ಲೊಂದು ಪಾಲು, ಅಂದರೆ ಹತ್ತು ದಿನಕ್ಕೆ ಪೇರಿಗೆ ಪೇರಿಯೇ ಹೊಸದು. ಮುಂಜಾನೆ ಬೆಳಕಾಗುತ್ತಲೇ ಕಳಚುವುದು ಜಾಸ್ತಿ. ಕಳಚಿದ್ದನ್ನು ನುಂಗಿ ಜೀರ್ಣಿಸಿಕೊಳ್ಳುವುದು ಬೆನ್ನಿಗೆ ಅಂಟಿಕೊಂಡಿರುವ ಕಪ್ಪು ವರ್ಣಪದರ. ಬೆಳಕು ತಾಗಿ ಬಳಕೆಯಾದ ಎ ಜೀವಸತ್ವವನ್ನು ಮತ್ತೆ ಸಿದ್ಧ ಮಾಡಿ ಕೊಡುವುದೂ ಅದೇ, ಹಿಂದಿನ ರಕ್ತನಾಳಗಳಿಂದ ಆಮ್ಲಜನಕ ಬರುವುದೂ ಅದನ್ನು ದಾಟಿಯೇ. ಕೋಶಕ್ಕೆ ಅಡಿಗೆಮನೆಯೂ ಅದು, ಹಿತ್ತಲೂ ಅದು.

ಉರಿಯೂತದಲ್ಲಿ ಸಣ್ಣ ರಕ್ತನಾಳಗಳ ಬಿಗಿ ಸಡಿಲಾಗಿ ನೀರು ಸೋರುತ್ತದೆ. ಆ ನೀರು ಕೋಶಕ್ಕೂ ಈ ಪದರಕ್ಕೂ ನಡುವೆ ನಿಂತರೆ ಕೋಶ ಅಡಿಗೆಮನೆಯಿಂದ ದೂರವಾಗುತ್ತದೆ. ಊಟ ತಡ, ಉಸಿರು ತಡ, ಕಸ ಹೊರಗೆ ಹೋಗುವುದೂ ತಡ. ಇದು ಊತದ ಪಾಲು.

ಉರಿಯ ಪಾಲು ಬೇರೆ ಇದೆ. ದಂಡಿನ ಕೋಶಗಳು ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1 ಬೀಟಾ ಎಂಬಂಥ ಸಂದೇಶ ರಸಗಳನ್ನು ಬಿಟ್ಟು ಒಂದನ್ನೊಂದು ಕರೆಯುತ್ತವೆ. ನೈಟ್ರಿಕ್ ಆಕ್ಸೈಡ್ ಏಳುತ್ತದೆ. ಅದು ಆಮ್ಲಜನಕದ ಉರಿಬೀಳುವ ರೂಪಗಳ ಜೊತೆ ಕೂಡಿ ಪೆರಾಕ್ಸಿನೈಟ್ರೈಟ್ ಎಂಬ ವಿಷವಾಗಿ ಕೊಬ್ಬನ್ನೂ ಪ್ರೋಟೀನನ್ನೂ ಕೆಡಿಸುತ್ತದೆ. ಇಲಿಗಳಲ್ಲಿ ಬೇಕೆಂದೇ ಇಂಥ ಉರಿಯೂತ ಎಬ್ಬಿಸಿ ನೋಡಿದಾಗ, ದಂಡು ಅಕ್ಷಿಪಟಲಕ್ಕೆ ನುಗ್ಗುವ ಮುಂಚೆಯೇ ಬೆಳಕು ಹಿಡಿಯುವ ಕೋಶಗಳ ಮೈಟೊಕಾಂಡ್ರಿಯಾಗಳಿಗೆ ಏಟು ಬಿದ್ದದ್ದು ಕಂಡಿದೆ. ಮೊದಲು ಒಲೆಗೇ ನೀರು ಬಿದ್ದಂತೆ.

ಮನೆಯೊಳಗೇ ಇರುವ ಕಾವಲುಗಾರನ ಕಥೆ ಇನ್ನೂ ವಿಚಿತ್ರ. ಅಕ್ಷಿಪಟಲದಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಸ್ಪೇನಿನ ರಿಯೋ-ಹೊರ್ಟೆಗಾ 1919ರಲ್ಲಿ ಮಿದುಳಿನಲ್ಲಿ ಮೊದಲು ಗುರುತಿಸಿದ ಜಾತಿಯವೇ. ಆರೋಗ್ಯದ ದಿನಗಳಲ್ಲಿ ಅವು ಒಳಪದರಗಳಲ್ಲಿ ಕೂತು, ಬಳ್ಳಿಯಂಥ ಕೈಗಳನ್ನು ಸುಮ್ಮನೆ ಆಡಿಸುತ್ತ ಅಕ್ಕಪಕ್ಕ ತಡವುತ್ತಿರುತ್ತವೆ. ಗಲಾಟೆ ಎದ್ದರೆ ಕೈ ಮಡಚಿ, ದುಂಡಗಾಗಿ, ಬೆಳಕಿನ ಕೋಶಗಳಿರುವ ಹೊರಪದರಕ್ಕೆ ನುಗ್ಗುತ್ತವೆ. ಸತ್ತದ್ದನ್ನು ತೆಗೆಯುವುದು ಅವುಗಳ ಧರ್ಮ. ಹುಟ್ಟಿನಿಂದಲೇ ಅಕ್ಷಿಪಟಲ ಸವೆಯುವ ಇಲಿಗಳಲ್ಲಿ ಅವು ಇನ್ನೂ ಜೀವವಿದ್ದ ರಾಡ್‌ಗಳನ್ನೂ ನುಂಗುತ್ತವೆ ಎಂದು ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯವರು 2015ರಲ್ಲಿ ತೋರಿಸಿದರು. ದಣಿದ ಕೋಶ ತನ್ನ ಹೊರಪೊರೆಯ ಮೇಲೆ ಒಂದು ಗುರುತು ತೋರಿಸುತ್ತದೆ, ಕಾವಲುಗಾರ ಅದನ್ನೇ ಸಾವೆಂದು ಓದಿಕೊಳ್ಳುತ್ತಾನೆ. ನಾನು ಆ ಹಿರಿಯರ ಲಾಟಿನ ಮೇಲೆ "ಬಣ್ಣ ಬಿಟ್ಟೈತಿ" ಅಂತ ದರ ಹಾಕಿದೆನಲ್ಲ, ಸರಿಯಾಗಿ ಹಾಗೆ.

ಮನುಷ್ಯರಲ್ಲಿ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದರೆ ಕೋಶ ಬದುಕುಳಿದರೆ ಬಿಲ್ಲೆಗಳು ಮತ್ತೆ ಪೇರಿಕೊಳ್ಳಬಲ್ಲವು, ಅಳಿಸಿದ ಗೆರೆ ಮೂಡಬಲ್ಲದು. ಯಾವುದು ಸತ್ತಿದೆ, ಯಾವುದು ಬರೀ ದಣಿದಿದೆ ಅಂತ ಮೊದಲ ದಿನದ ಚಿತ್ರ ಹೇಳುವುದಿಲ್ಲ. ನನ್ನ ಮಟ್ಟಿಗೆ ಆ ಎರಡು ತಿಂಗಳ ನಿದ್ದೆ ಕೆಡಿಸಿದ್ದು ಇದೇ.

ನಿದ್ದೆಗೆಡಿಸಿದ್ದರಲ್ಲಿ ಸ್ಟೀರಾಯ್ಡ್ ಗುಳಿಗೆಯ ಪಾಲೂ ಇತ್ತೆನ್ನಿ. ಅದನ್ನು ಕೊಡುವ ಮುಂಚೆ ಟಿಬಿ, ಸಿಫಿಲಿಸ್, ಎಚ್‌ಐವಿ, ಜ್ವರಗಳ ರಕ್ತಪರೀಕ್ಷೆ ಅಂತ ಒಂದು ಯಾದಿಯೇ ಇತ್ತು. ಕಣ್ಣಿಗೆ ಬಂದವನಿಗೆ ಇದೆಲ್ಲ ಯಾಕೆ ಅಂತ ಗೊಣಗಿದೆ. ದಂಡನ್ನು ಮಲಗಿಸುವ ಔಷಧ ಅದು. ಒಳಗೆ ನಿಜವಾದ ಕ್ರಿಮಿ ಇನ್ನೂ ಅಡಗಿದ್ದರೆ ದಂಡು ಮಲಗಿದಾಗ ಅದಕ್ಕೆ ಹಬ್ಬ. ಜೊತೆಗೆ ಕ್ರಿಮಿಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರು. ಸ್ಟೀರಾಯ್ಡಿನಿಂದ ಹಸಿವು ವಿಪರೀತ, ಸಕ್ಕರೆ ಏರಿತು, ಸಿಟ್ಟು ಮೂಗಿನ ತುದಿಗೆ. "ಒಮ್ಮಿಂದೊಮ್ಮೆಲೆ ಬಿಡಬ್ಯಾಡ್ರಿ, ಹೇಳಿದಂಗ ಇಳಸ್ಕೊಂತ ಬರ್ರಿ," ಅಂತ ಮೇಡಂ ಪ್ರತಿ ಸಲವೂ ಹೇಳುತ್ತಿದ್ದರು. ಬಹಳ ದಿನ ಗುಳಿಗೆ ತಿಂದರೆ ದೇಹ ತನ್ನ ಸ್ವಂತ ಸ್ಟೀರಾಯ್ಡ್ ಮಾಡುವುದನ್ನೇ ಮರೆತು ಕೂತಿರುತ್ತದೆಯಂತೆ.

ಮೊದಲ ದಿನ ದವಾಖಾನೆಯಿಂದ ಹೊರಬಂದಾಗಿನದು ನೆನಪಿದೆ. ಪಾಪೆ ಇನ್ನೂ ಅಗಲವಾಗೇ ಇತ್ತು. ಚೆನ್ನಮ್ಮ ಸರ್ಕಲ್ ಬಿಸಿಲಿನಲ್ಲಿ ಸುಣ್ಣ ಎರಚಿದಂತೆ ಬೆಳ್ಳಗೆ, ಬಸ್ಸುಗಳಿಗೆ ಅಂಚೇ ಇರಲಿಲ್ಲ. ಮಗಳು ಕೈ ಹಿಡಿದು ರಸ್ತೆ ದಾಟಿಸಿದಳು. ಸಣ್ಣವಳಿದ್ದಾಗ ಅದೇ ಸರ್ಕಲ್ಲಿನಲ್ಲಿ ನಾನು ಅವಳ ಕೈ ಹಿಡಿದು ದಾಟಿಸಿದ್ದೆ, ಇಬ್ಬರಿಗೂ ಅದು ನೆನಪಾಯಿತು, ಇಬ್ಬರೂ ಆಡಲಿಲ್ಲ.

ಆ ದಿನಗಳಲ್ಲೇ ಗದಗಿಗೆ ತಂಗಿಯ ಮನೆಗೆ ಹೋಗಿದ್ದೆ. ಸಂಜೆ ಅವಳು ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದೊಯ್ದಳು. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರೂ ನಮ್ಮ ಹಾನಗಲ್ ತಾಲ್ಲೂಕಿನವರು, ಇಬ್ಬರಿಗೂ ಕಣ್ಣಿರಲಿಲ್ಲ. 1914ರಲ್ಲಿ ಹುಟ್ಟಿದ ಪುಟ್ಟರಾಜರಿಗೆ ಹಸುಗೂಸಾಗಿದ್ದಾಗಲೇ ನೋಟ ಹೋಯಿತು, 2010ರವರೆಗೆ ಬದುಕಿದರು. ಒಳಗೆ ಯಾರೋ ಹುಡುಗ ಸಂಗೀತದ ಒಂದೇ ಅಲಂಕಾರವನ್ನು ಮತ್ತೆ ಮತ್ತೆ ತಪ್ಪಿ ಮತ್ತೆ ಮತ್ತೆ ಹೇಳುತ್ತಿದ್ದ. ತಂಗಿ ಕೈಮುಗಿದು ಕಣ್ಣು ಮುಚ್ಚಿದಳು. ನಾನು ಬಲಗಣ್ಣು ಮುಚ್ಚಿ ತೆರೆದು ಮಾಡುತ್ತಿದ್ದೆ. ಅವತ್ತು ನನ್ನ ತಲೆಯಲ್ಲಿದ್ದುದು ಒಂದೇ: ಇದು ಆ ಕಣ್ಣಿಗೂ ದಾಟುತ್ತದೆಯೇ?

ಹಾಗೆ ದಾಟುವ ಕಾಯಿಲೆ ಒಂದಿದೆ. ಬ್ರೈಲ್ ಲಿಪಿಯ ಲೂಯಿ ಬ್ರೈಲ್‌ನ ತಂದೆ ಕುದುರೆ ಜೀನು ಹೊಲಿಯುವವನು. 1812ರಲ್ಲಿ ಮೂರು ವರ್ಷದ ಲೂಯಿ ಅಪ್ಪನ ಆರಿ ಹಿಡಿದು ಆಡುತ್ತ ಒಂದು ಕಣ್ಣಿಗೆ ಚುಚ್ಚಿಕೊಂಡ. ಆರಿ ಅಂದರೆ ನಮ್ಮ ಚೀಲ ಹೊಲಿಯುವ ದಬ್ಬಣದ ಅಣ್ಣ ಅನ್ನಿ. ಐದು ವರ್ಷವಾಗುವ ಹೊತ್ತಿಗೆ ಚುಚ್ಚದ ಕಣ್ಣೂ ಹೋಗಿತ್ತು. ಇದು ಸಿಂಪಥೆಟಿಕ್ ಆಫ್ತಾಲ್ಮಿಯಾ ಇರಬೇಕೆಂದು ಇಂದಿನ ವೈದ್ಯರಲ್ಲಿ ಹಲವರ ಎಣಿಕೆ. ಕಣ್ಣಿನೊಳಗಿನ ಕೆಲವು ಪ್ರೋಟೀನುಗಳನ್ನು ದೇಹದ ದಂಡು ಸರಿಯಾಗಿ ಕಂಡೇ ಇರುವುದಿಲ್ಲ, ನಡುವೆ ಗೋಡೆ ಇದೆ. ಒಂದು ಕಣ್ಣು ಒಡೆದು ಅವು ಹೊರಬಿದ್ದರೆ ದಂಡು ಅವನ್ನು ಪರಕೀಯ ಎಂದು ಗುರುತಿಟ್ಟುಕೊಳ್ಳುತ್ತದೆ, ಆಮೇಲೆ ಅದೇ ಗುರುತು ಹಿಡಿದು ಇನ್ನೊಂದು ಕಣ್ಣನ್ನು ಹುಡುಕುತ್ತದೆ. ಒಳಕೋಣೆಯಲ್ಲೇ ಇದ್ದ ಅಜ್ಜಿ ಒಂದು ದಿನ ಅಂಗಳಕ್ಕೆ ಬಂದರೆ ಮನೆಯ ನಾಯಿಯೇ ಕಚ್ಚಿದಂತೆ.

ನನ್ನದು ಅದಲ್ಲ ಅಂತ ಮೇಡಂ ಬಿಡಿಸಿ ಹೇಳಿದ್ದರು. ಜ್ವರದ ನಂತರದ ಈ ಕಾಯಿಲೆ ಎರಡೂ ಕಣ್ಣಿಗೆ ಬರಬಹುದು, ಒಂದಕ್ಕೇ ಬರಬಹುದು, ನನ್ನ ಬಲಗಣ್ಣಿನ ಚಿತ್ರ ಶುದ್ಧವಾಗಿತ್ತು. ಹೇಳಿದ್ದೇನೋ ತಲೆಗೆ ಹೋಗಿತ್ತು, ಹೊಟ್ಟೆಗೆ ಹೋಗಿರಲಿಲ್ಲ.

ಎರಡನೇ ಚಿತ್ರದಲ್ಲಿ ಗುಡ್ಡ ಇಳಿದಿತ್ತು. ಮೂರನೆಯದರಲ್ಲಿ ನೀರೇ ಇರಲಿಲ್ಲ, ಗೆರೆ ಎರಡೂ ಕಡೆಯಿಂದ ಚಾಚಿಕೊಂಡು ಬಂದಿತ್ತು. ನಡುವೆ ಒಂದು ಸಣ್ಣ ಕಡಿತ ಉಳಿದಿದೆ. ಮನೆಯಲ್ಲಿ ಪರೀಕ್ಷಿಸಿಕೊಳ್ಳಲು ಆ್ಯಮ್ಸ್ಲರ್ ಎಂಬ ಚೌಕಗಳ ಚೀಟಿ ಕೊಟ್ಟಿದ್ದಾರೆ. ನಾನು ಕಿರ್ದಿಯಲ್ಲೇ ನೋಡಿಕೊಳ್ಳುತ್ತೇನೆ, ಚಾಳಿ ಬಿದ್ದಿದೆ. ಮೇಲಿನಿಂದ ಏಳನೆಯ ಗೆರೆಯಲ್ಲಿ ಒಂದಂಕಿಯಷ್ಟು ಜಾಗ ಈಗಲೂ ಸ್ವಲ್ಪ ತೂಕಡಿಸುತ್ತದೆ.

ಸಂಕ್ರಾಂತಿಯ ನಂತರ ಹೊಸ ಮಾಲು ಜೋರಾಗಿ ಬರತೊಡಗಿತು. ಒಂದು ಸೋಮವಾರ ಕುಂದಗೋಳದ ಹಿರಿಯರು ಅದೇ ದಲಾಲಿ ಅಂಗಡಿಯ ಮುಂದೆ ಕೂತಿದ್ದರು. ಹಿಡಿ ಎತ್ತಿ ಎಡಗಣ್ಣು ಮುಚ್ಚಿ ನೋಡಿದೆ.

"ಏನ್ರಿ ಸಾವ್ಕಾರ, ಬಂದೂಕು ಹಿಡದಂಗ ನೋಡ್ತೀರಿ?"

ನಡೆದದ್ದೆಲ್ಲ ಹೇಳಿದೆ. ಅವರ ಬಾಯಲ್ಲಿನ ಎಲೆ ಅಲ್ಲೇ ನಿಂತಿತು. ಅವತ್ತಿನ ಲಾಟ್ ಏನಾಯ್ತು ಅಂತ ಕೇಳಿದೆ. ಬೇರೆಯವರು ಒಯ್ದರಂತೆ, ನಾನು ಹಾಕಿದ್ದಕ್ಕಿಂತ ಕ್ವಿಂಟಲಿಗೆ 1,800 ರೂಪಾಯಿ ಹೆಚ್ಚಿಗೆ.

"ಈಗರ ಎರಡೂ ಕಣ್ಣ ತಗದು ನೋಡ್ರಿ," ಅಂದರು.

"ಬ್ಯಾಡ್ರಿ ಯಜಮಾನ್ರ, ಒಂದ ಸಾಕು. ಎರಡೂ ತಗದ್ರ ನಿಮಗ ಲುಕ್ಸಾನ ಆಕ್ಕೈತಿ."